ಗಾಳಿಯ ಲೆಕ್ಕ, ಮೂಗಿನ ಲೆಕ್ಕ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಒಂದು ಗಾಜಿನ ಪಟ್ಟಿ ಇದೆ. ಹಿಂದಿನ ಸಾಲಿನವರಿಗೆ ಕಾಣಲಾರದು, ಸಭೆ ಮುಗಿದ ಮೇಲೆ ಮುಂದೆ ಬಂದು ನೋಡಬಹುದು. ಗಾಜಿನ ಮೇಲೆ, ಗಾಳಿಯಲ್ಲಿನ ಕಣಗಳನ್ನು ಹಿಡಿದಿಟ್ಟ 48 ಮಿಲಿಮೀಟರ್ ಉದ್ದದ ಪಾರದರ್ಶಕ ಪಟ್ಟಿಯೊಂದನ್ನು ಅಂಟಿಸಿದೆ. ಅದರಲ್ಲಿ 2 ಮಿಲಿಮೀಟರ್ ಅಂದರೆ ಒಂದು ಗಂಟೆ. ಹಾಗಾಗಿ ನಾನು ಹಿಡಿದುಕೊಂಡಿರುವುದು ಒಂದು ಇಡೀ ದಿನದ ಗಾಳಿಯನ್ನು. ಪಟ್ಟಿಗೆ ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಬರಿಗಣ್ಣಿಗೆ ಏನೂ ಇಲ್ಲದಂತೆ ತೋರುವ ಜಾಗದಲ್ಲಿ ಪರಾಗಕಣಗಳು ಎದ್ದು ಕಾಣುತ್ತವೆ. ಹುಲ್ಲಿನ ಪರಾಗ ನುಣುಪಾದ ಗುಂಡು, ಅದಕ್ಕೆ ಒಂದೇ ಒಂದು ರಂಧ್ರ. ಬರ್ಚ್ ಮರದ್ದು ಮೂರು ಮೂಲೆ, ಮೂರು ರಂಧ್ರ. ರ‍್ಯಾಗ್‌ವೀಡ್ ಎಂಬ ಕಳೆಯದ್ದು ಮುಳ್ಳುಮುಳ್ಳಾದ ಚೆಂಡು. ಪೈನ್ ಮರದ ಕಣಕ್ಕೆ ಎರಡು ಬದಿಯಲ್ಲೂ ಗಾಳಿಚೀಲಗಳಿರುತ್ತವೆ, ದೊಡ್ಡ ಕಿವಿಗಳನ್ನು ಹೊತ್ತ ತಲೆಯ ಹಾಗೆ. ಒಮ್ಮೆ ಕಣ್ಣು ಪಳಗಿತೆಂದರೆ ಪರಿಚಿತರ ಮುಖ ಗುರುತಿಸುವಷ್ಟೇ ಸುಲಭ.

ವೃತ್ತಿಯಿಂದ ನಾನು ವೈದ್ಯೆ. ಈ ಎಣಿಕೆಯನ್ನು ಕಲಿಯಲು ಹೋದದ್ದು ರೋಗಿಗಳು ಮತ್ತೆ ಮತ್ತೆ ಕೇಳುತ್ತಿದ್ದ ಒಂದು ಪ್ರಶ್ನೆಯಿಂದಾಗಿ. "ಡಾಕ್ಟರೇ, ಇವತ್ತು ಪರಾಗದ ಮಟ್ಟ ಕಡಿಮೆ ಎಂದು ಹಾಕಿದ್ದಾರೆ. ಹಾಗಾದರೆ ನನಗೇಕೆ ಬೆಳಗಿನಿಂದ ಇಷ್ಟು ಸೀನು?" ಮೊದಮೊದಲು ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನೇ ಇವತ್ತು ನಿಮ್ಮ ಮುಂದಿಡುತ್ತಿದ್ದೇನೆ. ಪ್ರಕಟವಾಗುವ ಪರಾಗದ ಅಂಕಿ ಗಾಳಿಯ ಲೆಕ್ಕ. ನಿಮ್ಮ ಮೂಗಿಗೆ ಅದರದೇ ಆದ ಲೆಕ್ಕವಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದನ್ನು ಕಲಿತವರು ಪರಾಗದ ಋತು ಬರುವ ಮೊದಲೇ ತಯಾರಾಗಿರುತ್ತಾರೆ. ಕಲಿಯದವರು ಪ್ರತಿ ವರ್ಷವೂ ಹೊಸದಾಗಿ ನರಳುತ್ತಾರೆ.

ಪರಾಗದ ಅಲರ್ಜಿ ಎಂಬ ಈ ಕಾಯಿಲೆಯ ಚರಿತ್ರೆಯೇ ರೋಗಿಯೊಬ್ಬ ತನ್ನನ್ನು ತಾನು ಗಮನಿಸಿಕೊಂಡದ್ದರಿಂದ ಶುರುವಾಗುತ್ತದೆ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್, ಬಾಲ್ಯದಿಂದ ಪ್ರತಿ ಬೇಸಿಗೆಯೂ ತನ್ನನ್ನು ಕಾಡುತ್ತಿದ್ದ ಕಣ್ಣುರಿ, ಸೀನು, ಎದೆಬಿಗಿತಗಳನ್ನು ಬೇರೆ ಯಾರೋ ರೋಗಿಯದೆಂಬಂತೆ ವಿವರಿಸಿ ವೈದ್ಯರ ಸಭೆಯಲ್ಲಿ ಓದಿದ. ಆಮೇಲೆ ವರ್ಷಗಟ್ಟಲೆ ಹುಡುಕಿ, 1828ರ ವೇಳೆಗೆ ತನ್ನಂಥ 28 ಜನರ ವಿವರ ಕಲೆಹಾಕಿದ. ಆದರೆ ಕಾರಣ ಮಾತ್ರ ಅವನ ಕೈಗೆ ಸಿಗಲಿಲ್ಲ. ಬಿಸಿಲಿನ ಝಳವೇ ಕಾರಣ ಎಂದು ನಂಬಿದ್ದ. ಪರಾಗವನ್ನು ಬೆರಳಿಟ್ಟು ತೋರಿಸಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನಿಗೂ ಇದೇ ಕಾಯಿಲೆ. ಮುಂಗೈ ಚರ್ಮವನ್ನು ಕೆರೆದು ಪರಾಗ ಸವರಿಕೊಂಡು ದದ್ದು ಏಳುವುದನ್ನು ನೋಡಿದ. ಅಂಟು ಸವರಿದ ಗಾಜನ್ನು ಹೊಲದಲ್ಲಿಟ್ಟು ಅದರ ಮೇಲೆ ದಿನವೂ ಬೀಳುವ ಕಣಗಳನ್ನು ಎಣಿಸಿದ. ಸಾಲದೆಂದು ಗಾಜನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಹಾರಿಸಿದ. ಅಷ್ಟು ಎತ್ತರದಲ್ಲೂ ಪರಾಗ ಸಿಕ್ಕಿತು. ಇದನ್ನೆಲ್ಲ ಅವನು 1873ರಲ್ಲಿ ಪ್ರಕಟಿಸಿದ. ಇಂದಿಗೂ ವೈದ್ಯರು ಮಾಡುವ ಚರ್ಮದ ಚುಚ್ಚು ಪರೀಕ್ಷೆ ಮತ್ತು ಪ್ರತಿದಿನದ ಪರಾಗದ ಎಣಿಕೆ, ಈ ಎರಡಕ್ಕೂ ಮೂಲ ಆ ಒಬ್ಬ ಮನುಷ್ಯನ ಹಟ.

ಈಗ ಅಂಕಿಗೆ ಬರೋಣ. ಗಾಳಿಯನ್ನು ಎಳೆದುಕೊಂಡು ಪಟ್ಟಿಗೆ ಅಂಟಿಸುವ ಯಂತ್ರವನ್ನು ಹರ್ಸ್ಟ್ ಎಂಬ ವಿಜ್ಞಾನಿ 1952ರಲ್ಲಿ ವಿವರಿಸಿದ. ಅದೇ ವಿನ್ಯಾಸ ಇಂದಿಗೂ ಬಹುತೇಕ ಕಡೆ ಬಳಕೆಯಲ್ಲಿದೆ. ನಿಮಿಷಕ್ಕೆ 10 ಲೀಟರ್ ಗಾಳಿಯನ್ನು ಅದು ಸೇದುತ್ತದೆ. ಮನುಷ್ಯನ ಉಸಿರಾಟಕ್ಕೆ ಹತ್ತಿರದ ಪ್ರಮಾಣ ಅದು. ದಿನಕ್ಕೆ ಲೆಕ್ಕ ಹಾಕಿದರೆ 14.4 ಘನ ಮೀಟರ್. ಎಣಿಸಿದ ಕಣಗಳನ್ನು ಆ ಗಾಳಿಗೆ ಭಾಗಿಸಿ, ಒಂದು ಘನ ಮೀಟರಿಗೆ ಇಷ್ಟು ಎಂದು ಹೇಳುತ್ತಾರೆ. ಪೂರ್ತಿ ಪಟ್ಟಿಯನ್ನು ಎಣಿಸುವುದೂ ಇಲ್ಲ. ಪಟ್ಟಿಯ ಕೆಲವು ಸಾಲುಗಳಲ್ಲಿರುವ ಕಣಗಳನ್ನಷ್ಟೇ ಎಣಿಸಿ ಉಳಿದದ್ದನ್ನು ಲೆಕ್ಕದಿಂದ ತೆಗೆಯುತ್ತಾರೆ.

ಇದರಲ್ಲಿ ನೀವು ಗಮನಿಸಬೇಕಾದ ಸಂಗತಿಗಳಿವೆ. ಯಂತ್ರ ಇರುವುದು ಸಾಮಾನ್ಯವಾಗಿ ಕಟ್ಟಡದ ಮಾಳಿಗೆಯ ಮೇಲೆ, ನೀವು ಉಸಿರಾಡುವುದು ನೆಲದ ಹತ್ತಿರ. ಮಾಳಿಗೆಯ ಗಾಳಿ ಇಡೀ ಪ್ರದೇಶದ ಗಾಳಿ, ಅದಕ್ಕಾಗಿಯೇ ಅಲ್ಲಿಡುತ್ತಾರೆ. ಆದರೆ ನಿಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಹೂಬಿಟ್ಟ ಹುಲ್ಲು ಆ ಲೆಕ್ಕದಲ್ಲಿ ಬರುವುದಿಲ್ಲ. ಎರಡನೆಯದಾಗಿ, ಕೈಯಿಂದ ಎಣಿಸಿದ ಅಂಕಿ ಯಾವಾಗಲೂ ನಿನ್ನೆಯದು. ಇವತ್ತಿನದು ಎಂದು ಕೊಡುವುದು ಹವಾಮಾನ ನೋಡಿ ಮಾಡಿದ ಅಂದಾಜು. ಕೆಲವು ಕಡೆ ಯಂತ್ರವೇ ಚಿತ್ರ ತೆಗೆದು ಕಣ ಗುರುತಿಸಿ ಗಂಟೆಗಂಟೆಗೆ ಲೆಕ್ಕ ಕೊಡುವ ವ್ಯವಸ್ಥೆ ಬಂದಿದೆ, ಅದು ಎಲ್ಲೆಡೆ ಹರಡಲಿ ಎಂಬುದು ನನ್ನ ದೊಡ್ಡ ಆಸೆ.

ಇನ್ನು 'ಕಡಿಮೆ', 'ಮಧ್ಯಮ', 'ಹೆಚ್ಚು' ಎಂಬ ಹೆಸರುಗಳು. ಘನ ಮೀಟರಿಗೆ 30 ಹುಲ್ಲಿನ ಕಣ ಇದೆ ಎಂದುಕೊಳ್ಳಿ. ಬ್ರಿಟನ್ನಿನ ಮಾಪಕದಲ್ಲಿ ಅದು 'ಮಧ್ಯಮ', ಅಲ್ಲಿ 50ರಿಂದ ಮೇಲೆ 'ಹೆಚ್ಚು'. ಅಮೆರಿಕದ ಎಣಿಕೆ ಜಾಲದ ಮಾಪಕದಲ್ಲಿ 20 ದಾಟಿದರೇ 'ಹೆಚ್ಚು'. ಅದೇ ಗಾಳಿಗೆ ಎರಡು ಹೆಸರು. ಅಮೆರಿಕದ ಮಾಪಕವಂತೂ ಅಲ್ಲಿನ ಕೇಂದ್ರಗಳಲ್ಲಿ ಹಿಂದೆ ದಾಖಲಾದ ಅಂಕಿಗಳ ಹಂಚಿಕೆಯನ್ನು ನೋಡಿ ಕಟ್ಟಿದ್ದು, ಯಾರಿಗೆ ಎಷ್ಟು ಕಣಕ್ಕೆ ಸೀನು ಬಂತು ಎಂಬುದನ್ನು ನೋಡಿ ಕಟ್ಟಿದ್ದಲ್ಲ. ಇದನ್ನು ತಿಳಿದ ದಿನ ನನಗೆ ನನ್ನ ರೋಗಿಗಳ ಪ್ರಶ್ನೆ ಅರ್ಥವಾಯಿತು. 'ಕಡಿಮೆ' ಎಂಬ ಪದ ಗಾಳಿಯ ಬಗ್ಗೆ ಸತ್ಯವನ್ನೇ ಹೇಳುತ್ತಿತ್ತು. ಎದುರಿಗೆ ಕುಳಿತವರ ಮೂಗಿನ ಬಗ್ಗೆ ಅದು ಏನೂ ಹೇಳುತ್ತಿರಲಿಲ್ಲ.

ಎಷ್ಟು ಎಂಬುದಕ್ಕಿಂತ ಯಾವುದು ಎಂಬುದು ದೊಡ್ಡ ಪ್ರಶ್ನೆ. ಪೈನ್ ಮರಗಳಿರುವಲ್ಲಿ ವಸಂತದಲ್ಲಿ ಕಾರಿನ ಮೇಲೆಲ್ಲ ಹಳದಿ ಪುಡಿ ಕೂರುತ್ತದೆ. ಜನ ಅದನ್ನು ನೋಡಿ ಹೆದರುತ್ತಾರೆ. ಪೈನ್ ಪರಾಗ ದೊಡ್ಡದು, ಭಾರದ್ದು, ಅಲರ್ಜಿ ತರುವುದು ಬಹಳ ಅಪರೂಪ. ಕಾಡುವ ಕಣಗಳು ಕಣ್ಣಿಗೆ ಬೀಳುವುದೇ ಇಲ್ಲ. ರ‍್ಯಾಗ್‌ವೀಡ್ ಕಣದ ಅಗಲ ಸುಮಾರು 20 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಅಂಥ 50 ಕಣ ಸಾಲಾಗಿ ಕೂರುತ್ತವೆ. ಬಣ್ಣಬಣ್ಣದ, ಸುವಾಸನೆಯ ಹೂಗಳ ಮೇಲೂ ಸುಮ್ಮನೆ ತಪ್ಪು ಹೊರಿಸುತ್ತೇವೆ. ಅವುಗಳ ಪರಾಗ ಅಂಟಂಟಾಗಿ, ದುಂಬಿಯ ಕಾಲಿಗೆ ಹತ್ತಿಕೊಂಡು ಹೋಗುವಂಥದ್ದು. ಗಾಳಿಯನ್ನು ನಂಬಿದ ಗಿಡಗಳಿಗೆ ಅಂದವೂ ಬೇಡ, ಗಂಧವೂ ಬೇಡ. ಲೆಕ್ಕವಿಲ್ಲದಷ್ಟು ಪರಾಗ ತೂರಿದರೆ ಸಾಕು. ಹಾಗಾಗಿ ನಿಮ್ಮ ಶತ್ರು ಬಹುಶಃ ನೀವು ಎಂದೂ ತಿರುಗಿ ನೋಡದ ಒಂದು ಹಸಿರು ತೆನೆ.

ಯಾವುದು ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಉತ್ತರ ಯೂರೋಪಿನಲ್ಲಿ ಬರ್ಚ್, ಮೆಡಿಟರೇನಿಯನ್ ತೀರದಲ್ಲಿ ಆಲಿವ್, ಉತ್ತರ ಅಮೆರಿಕದಲ್ಲಿ ಬೇಸಿಗೆಯ ಕೊನೆಗೆ ರ‍್ಯಾಗ್‌ವೀಡ್. ಹುಲ್ಲು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ. ಕೆಲವು ಕಡೆ ಇದು ಮನುಷ್ಯನೇ ತಂದುಕೊಂಡ ಕಷ್ಟ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಮರಮುಟ್ಟಿಗಾಗಿ ಜಪಾನಿ ಸೀಡರ್ ಎಂದು ಕರೆಯುವ ಸುಗಿ ಮರವನ್ನು ಬೆಟ್ಟಬೆಟ್ಟವೇ ತುಂಬುವಂತೆ ನೆಟ್ಟರು. ಮರಗಳು ಬೆಳೆದು ಹೂಬಿಟ್ಟ ಮೇಲೆ ಸುಗಿ ಅಲರ್ಜಿ ಇಡೀ ದೇಶದ ಸಮಸ್ಯೆಯಾಯಿತು. ಆ ತೋಪುಗಳನ್ನು 10 ವರ್ಷಗಳಲ್ಲಿ ಶೇ 20ರಷ್ಟು ತಗ್ಗಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿತು. ಇದಕ್ಕೆ ವಿರುದ್ಧ ದಿಕ್ಕಿನ, ಮನಸ್ಸಿಗೆ ಖುಷಿ ಕೊಡುವ ಒಂದು ಉದಾಹರಣೆಯೂ ಇದೆ. ಅಮೆರಿಕದಿಂದ ಯೂರೋಪಿಗೆ ಬಂದು ಹಬ್ಬಿದ ರ‍್ಯಾಗ್‌ವೀಡನ್ನು ತಿನ್ನುವ ಪುಟ್ಟ ಎಲೆಜೀರುಂಡೆಯೊಂದು 2013ರಲ್ಲಿ ಉತ್ತರ ಇಟಲಿಯಲ್ಲಿ ಕಾಣಿಸಿಕೊಂಡಿತು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಅದು ನೆಲೆಸಿದ ಕಡೆ ಗಾಳಿಯಲ್ಲಿ ಆ ಕಳೆಯ ಪರಾಗ ಗಣನೀಯವಾಗಿ ಇಳಿಯಿತು.

ಋತುಗಳ ಗಡಿಯೂ ಸರಿಯುತ್ತಿದೆ. 1990ರಿಂದ 2018ರವರೆಗಿನ ಉತ್ತರ ಅಮೆರಿಕದ ಎಣಿಕೆಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪರಾಗದ ಋತು ಸುಮಾರು 20 ದಿನ ಮೊದಲೇ ಆರಂಭವಾಗುತ್ತಿದೆ, ಪರಾಗದ ಪ್ರಮಾಣ ಶೇ 21ರಷ್ಟು ಹೆಚ್ಚಿದೆ ಎಂದು ಅದು ಕಂಡುಕೊಂಡಿತು. ಹತ್ತು ವರ್ಷದ ಹಿಂದಿನ ನಿಮ್ಮ ಅನುಭವವನ್ನೇ ನೆಚ್ಚಿ ಔಷಧಿಯ ತಾರೀಖು ಗೊತ್ತುಮಾಡಿಕೊಂಡಿದ್ದರೆ ಅದನ್ನು ಈಗ ತಿದ್ದಿಕೊಳ್ಳಬೇಕು.

ಮೂಗಿನೊಳಗೆ ಏನಾಗುತ್ತದೆ? ತೇವದ ಒಳಪದರದ ಮೇಲೆ ಕಣ ಕೂತ ಕೆಲವೇ ನಿಮಿಷಗಳಲ್ಲಿ ಅದರ ಪ್ರೋಟೀನ್ ಹೊರಕ್ಕೆ ಸೋರುತ್ತದೆ. ಅಲರ್ಜಿ ಇರುವವರ ದೇಹ ಆ ಪ್ರೋಟೀನಿಗೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಒಳಪದರದಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಜೋಡಿಸಿಟ್ಟಿರುತ್ತದೆ. ಪ್ರೋಟೀನ್ ಬಂದು ತಗುಲಿದೊಡನೆ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ತುರಿಕೆ, ಸೀನು, ನೀರಾಗಿ ಸೋರುವ ಮೂಗು, ಕೆಂಪು ಕಣ್ಣು ಎಲ್ಲ ಅದರ ಫಲ. ಜ್ವರ ಇರುವುದಿಲ್ಲ. ನೆಗಡಿಯಾದರೆ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಇದು ಹೋಗುವುದಿಲ್ಲ, ಅಂಗುಳು ಕೂಡ ತುರಿಸುತ್ತದೆ. ಗಂಟೆಗಳು ಕಳೆದ ಮೇಲೆ ಎರಡನೇ ಅಲೆ ಬರುತ್ತದೆ. ಬೇರೆ ಬೇರೆ ಉರಿಯೂತದ ಕೋಶಗಳು ಅಲ್ಲಿಗೆ ಬಂದು ಜಮಾಯಿಸಿ ಮೂಗು ಕಟ್ಟುತ್ತದೆ.

ಈ ಎರಡನೇ ಅಲೆಯಲ್ಲೇ ನನ್ನ ರೋಗಿಗಳ ಒಗಟಿನ ಉಳಿದರ್ಧ ಅಡಗಿತ್ತು. ಆ ಕೋಶಗಳು ಮರುದಿನ ಖಾಲಿ ಮಾಡಿಕೊಂಡು ಹೊರಡುವುದಿಲ್ಲ. ದಿನವೂ ಪರಾಗ ಬೀಳುತ್ತಾ ಹೋದರೆ ಒಳಪದರ ಬೇಗ ಕೆರಳುವಂತೆ ಹದಗೊಂಡು, ಋತುವಿನ ಮೊದಲ ವಾರದಲ್ಲಿ ಏನೂ ಮಾಡದಿದ್ದ ಅಷ್ಟೇ ಪ್ರಮಾಣ ಮೂರನೇ ವಾರದಲ್ಲಿ ಒಂದರ ಹಿಂದೆ ಒಂದು ಸೀನು ತರಿಸುತ್ತದೆ. ಅಂಕಿ ಇಳಿದಿದೆ, ಮೂಗು ಇನ್ನೂ ಇಳಿದಿಲ್ಲ. 'ಕಡಿಮೆ' ದಿನದ ಸೀನಿಗೆ ನಿನ್ನೆ ಮೊನ್ನೆಗಳ ಬಾಕಿ ಕಾರಣವಾಗಿರಬಹುದು.

ಹಾಗಾದರೆ ಮಾಡಬೇಕಾದ್ದೇನು? ಒಂದು ನೋಟ್‌ಬುಕ್ ಇಡಿ. ಪ್ರತಿ ರಾತ್ರಿ ಒಂದೇ ಸಾಲು: ಮೂಗಿಗೆ ಸೊನ್ನೆಯಿಂದ ಮೂರರೊಳಗೆ ಒಂದು ಅಂಕ, ಕಣ್ಣಿಗೆ ಒಂದು ಅಂಕ, ತೆಗೆದುಕೊಂಡ ಔಷಧಿ, ಹೊರಗೆ ಕಳೆದ ಹೊತ್ತು. ಪಕ್ಕದಲ್ಲಿ ನಿಮ್ಮ ಪ್ರದೇಶದ ಪರಾಗದ ಅಂಕಿ ಸಿಗುವುದಾದರೆ ಅದನ್ನೂ, ಯಾವ ಗಿಡದ್ದು ಎಂಬುದರ ಸಹಿತ ಬರೆಯಿರಿ. ಅಂಕಿ ಸಿಗದ ಕಡೆ ಸುತ್ತಲಿನ ಯಾವ ಹುಲ್ಲು, ಯಾವ ಮರ ಹೂಬಿಟ್ಟಿದೆ ಎಂದು ಬರೆದರೂ ಸಾಕು. ಒಂದು ಋತುವಿನಲ್ಲಿ ಸುಳಿವು ಸಿಗುತ್ತದೆ, ಎರಡನೆಯದರಲ್ಲಿ ನಿಮ್ಮದೇ ಕ್ಯಾಲೆಂಡರ್ ಸಿದ್ಧ. ವೈದ್ಯರ ಬಳಿ ಚರ್ಮ ಪರೀಕ್ಷೆಗೋ ರಕ್ತ ಪರೀಕ್ಷೆಗೋ ಹೋಗುವಾಗ ಈ ಪುಸ್ತಕ ಕೈಯಲ್ಲಿರಲಿ. ಚರ್ಮದ ಮೇಲೆ ದದ್ದು ಎದ್ದ ಮಾತ್ರಕ್ಕೆ ಅದೇ ನಿಮ್ಮನ್ನು ಕಾಡುತ್ತಿದೆ ಎಂದಲ್ಲ. ದದ್ದಿನ ಗಿಡವೂ ಪುಸ್ತಕದ ತಿಂಗಳೂ ಹೊಂದಿಕೆಯಾದಾಗಲೇ ನಾನು ನಂಬುವುದು.

ಕ್ಯಾಲೆಂಡರ್ ಸಿಕ್ಕ ಮೇಲೆ ಚಿಕಿತ್ಸೆ ಸುಲಭವಾಗುತ್ತದೆ, ಏಕೆಂದರೆ ನಮ್ಮಲ್ಲಿರುವ ಒಳ್ಳೆಯ ಔಷಧಿಗಳು ಮುಂಚಿತವಾಗಿ ಆರಂಭಿಸಿದರೆ ಚೆನ್ನಾಗಿ ಕೆಲಸ ಮಾಡುವಂಥವು. ಮೂಗಿನ ಸ್ಟೆರಾಯ್ಡ್ ಸ್ಪ್ರೇ, ಅಂದರೆ ಫ್ಲುಟಿಕಸೋನ್, ಮೊಮೆಟಸೋನ್, ಬ್ಯುಡೆಸೊನೈಡ್ ಇವು, ಕಟ್ಟಿದ ಮೂಗಿಗೆ ಮಾತ್ರೆಗಳಿಗಿಂತ ಮೇಲು. ಆದರೆ ಅವುಗಳ ಪೂರ್ಣ ಪರಿಣಾಮಕ್ಕೆ ದಿನಗಳು ಬೇಕು. ನಿಮ್ಮ ಋತುವಿಗೆ ಒಂದೆರಡು ವಾರ ಮೊದಲೇ ಆರಂಭಿಸಿ ದಿನವೂ ಹಾಕಿಕೊಂಡರೆ, ಆ ಹದಗೊಳ್ಳುವಿಕೆಯನ್ನೇ ತಡೆಯಬಹುದು. ಎರಡು ದಿನ ಹಾಕಿ "ಪ್ರಯೋಜನವಿಲ್ಲ" ಎಂದು ಮೂಲೆಗೆಸೆದ ಬಾಟಲಿಗಳನ್ನು ಎಷ್ಟು ನೋಡಿದ್ದೇನೋ.

ಹಾಕಿಕೊಳ್ಳುವ ರೀತಿಯನ್ನು ತೋರಿಸುತ್ತೇನೆ, ಏಕೆಂದರೆ ಅರ್ಧ ಸೋಲು ಅಲ್ಲೇ ಆಗುತ್ತದೆ. ಬಾಟಲಿಯನ್ನು ಅಲ್ಲಾಡಿಸಿ. ತಲೆಯನ್ನು ಹಿಂದಕ್ಕೆ ಎತ್ತಬೇಡಿ, ನೆಲ ನೋಡುವಂತೆ ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಕೈ ಅದಲುಬದಲಾದರೆ ಬಾಟಲಿಯ ಮೂತಿ ತಾನಾಗಿಯೇ ಹೊರಗಿನ ಗೋಡೆಯ ಕಡೆಗೆ, ಕಣ್ಣಿನ ಹೊರತುದಿಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ನೇರ ಹೊಡೆದರೆ ಅದು ಒಣಗಿ ರಕ್ತ ಜಿನುಗುತ್ತದೆ. ಒತ್ತಿದ ಮೇಲೆ ಜೋರಾಗಿ ಎಳೆದುಕೊಳ್ಳಬೇಡಿ. ಔಷಧಿ ಗಂಟಲಿನಲ್ಲಿ ಕಹಿಯಾಗಿ ಇಳಿಯಿತೆಂದರೆ ಅದು ಮೂಗಿನಲ್ಲಿ ನಿಂತಿಲ್ಲ ಎಂದೇ ಅರ್ಥ. ಮೆಲ್ಲಗೆ ಉಸಿರಾಡಿ, ಅಷ್ಟೇ.

ಮಾತ್ರೆಗಳ ವಿಚಾರದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್‌ಗಳಂಥ ಹಳೆಯ, ಹಿಸ್ಟಮಿನ್ ತಡೆಯುವ ಆಂಟಿಹಿಸ್ಟಮಿನ್‌ಗಳು ಮಿದುಳಿಗೆ ಇಳಿದು ಮಂಪರು ತರುತ್ತವೆ. ಮಂಪರು ನಿಮಗೆ ಗೊತ್ತಾಗದಿದ್ದರೂ ಗಮನ ಕುಂದಿರುತ್ತದೆ. ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಹೊಸ ಮಾತ್ರೆಗಳು ಇರುವಾಗ ಆ ಹಳೆಯವು ದಿನಬಳಕೆಗೆ ಬೇಡ. ಸೆಟಿರಿಜಿನ್ ಕೆಲವರಿಗೆ ಸ್ವಲ್ಪ ತೂಕಡಿಕೆ ತರುತ್ತದೆ, ರಾತ್ರಿ ತೆಗೆದುಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಿ. ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಅದು ದೇಹಕ್ಕೆ ಸೇರುವುದು ತಗ್ಗುತ್ತದೆ.

ಮೂಗು ತಕ್ಷಣ ತೆರೆಯುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳ ಬಗ್ಗೆ ದಯವಿಟ್ಟು ಎಚ್ಚರ. ಮೂರರಿಂದ ಐದು ದಿನ ದಾಟಿದರೆ, ಔಷಧಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟುವಿಕೆ. ವರ್ಷಗಟ್ಟಲೆ ಈ ಸುಳಿಯಲ್ಲಿ ಸಿಕ್ಕಿ, ಹನಿಯ ಬಾಟಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವವರನ್ನು ಬಿಡಿಸಿದ್ದೇನೆ. ಬಿಡಿಸುವುದು ಸುಲಭವಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವುದು ಸರಳ, ಒಳ್ಳೆಯದು. ನೀರು ಮಾತ್ರ ಕುದಿಸಿ ಆರಿಸಿದ್ದೋ ಬಟ್ಟಿ ಇಳಿಸಿದ್ದೋ ಆಗಿರಲೇಬೇಕು. ನಲ್ಲಿಯ ನೀರನ್ನು ಹಾಗೇ ಬಳಸಿ, ಅದರಲ್ಲಿದ್ದ ಅಮೀಬಾ ಮಿದುಳಿಗೆ ಏರಿ ಜನ ಸತ್ತ ಪ್ರಕರಣಗಳಿವೆ.

ಮನೆಯಲ್ಲಿ ಮಾಡಬಹುದಾದ್ದು ನಿಮಗೆ ಗೊತ್ತಿರುವುದೇ: ಹೊರಗಿನಿಂದ ಬಂದು ಬಟ್ಟೆ ಬದಲಿಸುವುದು, ಪರಾಗ ಹೆಚ್ಚಿರುವ ದಿನ ಬಟ್ಟೆ ಒಳಗೇ ಒಣಗಿಸುವುದು, ಕನ್ನಡಕ, ಮುಖಗವಸು. ಇವುಗಳಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದರೆ ಮಲಗುವ ಮುನ್ನ ತಲೆಗೂದಲು ತೊಳೆಯಿರಿ. ಇಲ್ಲದಿದ್ದರೆ ಇಡೀ ದಿನದ ಪರಾಗವನ್ನು ದಿಂಬಿಗೆ ಹರಡಿ ರಾತ್ರಿಯೆಲ್ಲ ಅದರ ಮೇಲೆ ಮುಖವಿಟ್ಟು ಮಲಗಿದಂತಾಗುತ್ತದೆ.

ಈಗ ಹೇಳುವುದನ್ನು ಉಬ್ಬಸ ಇರುವವರು, ಎಂದಾದರೂ ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿದವರು ವಿಶೇಷವಾಗಿ ಗಮನಿಸಿ. 2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್ ಮೇಲೆ ಗುಡುಗುಮಳೆಯ ಮಾರುತ ಹಾದುಹೋಯಿತು. ರೈ ಹುಲ್ಲು ಹೂಬಿಡುವ ಕಾಲ. ತೇವದಲ್ಲಿ ಹುಲ್ಲಿನ ಕಣಗಳು ಒಡೆದು ಒಳಗಿನ ಪಿಷ್ಟದ ನುಣ್ಣನೆಯ ಚೂರುಗಳು ಹೊರಬಂದವು. ಇಡೀ ಕಣ ಮೂಗಿನಲ್ಲೇ ನಿಲ್ಲುತ್ತದೆ, ಚೂರುಗಳು ನೇರ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರಿಗಾಗಿ ಒದ್ದಾಡುತ್ತಾ ಆಸ್ಪತ್ರೆಗಳಿಗೆ ಬಂದರು. 10 ಜನ ಸತ್ತರು. ಬಂದವರಲ್ಲಿ ಅನೇಕರಿಗೆ ಉಬ್ಬಸ ಇದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಹುಲ್ಲಿನ ಪರಾಗಕ್ಕೆ ಸೀನುವುದಷ್ಟೇ ಗೊತ್ತಿತ್ತು. ಮಳೆ ಗಾಳಿಯನ್ನು ತೊಳೆಯುತ್ತದೆ ಎಂಬ ಮಾತು ನಿಧಾನವಾಗಿ, ಹೊತ್ತು ಹಿಡಿದು ಸುರಿಯುವ ಮಳೆಗೆ ನಿಜ. ಹುಲ್ಲಿನ ಋತುವಿನಲ್ಲಿ ಗುಡುಗು ಏಳುವಾಗ, ವಿಶೇಷವಾಗಿ ಮಳೆಗೆ ಮುನ್ನ ರಭಸದ ಗಾಳಿ ಬೀಸುವಾಗ, ಒಳಗೆ ಬಂದು ಕಿಟಕಿ ಮುಚ್ಚಿ. ಉಬ್ಬಸಕ್ಕೆ ದಿನವೂ ತೆಗೆದುಕೊಳ್ಳಬೇಕಾದ ಇನ್‌ಹೇಲರ್ ಇದ್ದರೆ ಆ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿಸಬೇಡಿ. ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಔಷಧಿ ನಿಲ್ಲಿಸಿದೊಡನೆ ಎಲ್ಲವೂ ಹಿಂದಿನಂತೆಯೇ, ಹಾಗಾದರೆ ಬುಡಕ್ಕೇ ಚಿಕಿತ್ಸೆ ಇಲ್ಲವೇ ಎಂದು ಕೇಳುತ್ತಾರೆ. ಇದೆ. 1911ರಲ್ಲೇ ಲೆನಾರ್ಡ್ ನೂನ್ ಎಂಬ ವೈದ್ಯ ಹುಲ್ಲಿನ ಪರಾಗದ ಸಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾ ಚುಚ್ಚುಮದ್ದಾಗಿ ಕೊಟ್ಟ. ಇಂದು ಚುಚ್ಚುಮದ್ದಾಗಿಯೂ ನಾಲಿಗೆಯಡಿ ಇಡುವ ಮಾತ್ರೆಯಾಗಿಯೂ ಅದು ಸಿಗುತ್ತದೆ. ಕನಿಷ್ಠ ಮೂರು ವರ್ಷ ಬಿಡದೆ ಮಾಡಬೇಕು. ಚುಚ್ಚುಮದ್ದಿನ ನಂತರ ಪ್ರತಿ ಸಲವೂ ಅರ್ಧ ಗಂಟೆ ವೈದ್ಯರ ಕಣ್ಣೆದುರೇ ಕೂತಿರಬೇಕು, ಏಕೆಂದರೆ ಅಪರೂಪಕ್ಕೆ ತೀವ್ರ ಪ್ರತಿಕ್ರಿಯೆ ಆಗುತ್ತದೆ. ಮಾಡಿದವರಲ್ಲಿ ಅನೇಕರಿಗೆ ಮುಗಿದ ಮೇಲೂ ವರ್ಷಗಳ ಕಾಲ ನೆಮ್ಮದಿ ಇರುತ್ತದೆ. ಯಾವ ಪರಾಗ ಎಂಬುದು ಖಚಿತವಾಗಿರಬೇಕು. ಅಲ್ಲಿಯೂ ನಿಮ್ಮ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಈ ಗಿಡಗಳಿಲ್ಲದ ಪ್ರದೇಶಕ್ಕೆ ಮನೆ ಬದಲಾಯಿಸಿದರೆ ಗುಣವಾಗುವುದಿಲ್ಲವೇ?" ಎಂದು ಕೇಳಿದರು. ಕೆಲಕಾಲ ಆರಾಮ ಸಿಗಬಹುದು. ಆದರೆ ಅಲರ್ಜಿಯ ಒಲವಿರುವ ದೇಹ ಕೆಲವು ವರ್ಷಗಳಲ್ಲಿ ಹೊಸ ಜಾಗದ ಪರಾಗವನ್ನೂ ಗುರುತು ಹಿಡಿದುಬಿಡುತ್ತದೆ. ಜೊತೆಗೆ, ಬರ್ಚ್ ಪರಾಗ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋದದ್ದು ದಾಖಲಾಗಿದೆ. ಬೇರೆ ಕಾರಣಗಳಿಗಾಗಿ ಹೋಗುವುದಿದ್ದರೆ ಹೋಗಿ, ಮೂಗಿಗಾಗಿಯೇ ಮನೆ ಮಾರಬೇಡಿ ಎಂದೆ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗನ ಪರೀಕ್ಷೆ ಪ್ರತಿ ವರ್ಷ ಪರಾಗದ ತಿಂಗಳಲ್ಲೇ ಬರುತ್ತದೆ, ಅವನು ಕಣ್ಣೊರೆಸಿಕೊಳ್ಳುತ್ತಲೇ ಬರೆಯುತ್ತಾನೆ, ಏನು ಮಾಡಲಿ ಎಂದರು. ಅವರ ಆತಂಕ ಸಣ್ಣದಲ್ಲ. ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಯ ಹೊತ್ತಿಗೆ ಪರಾಗದ ಅಲರ್ಜಿ ಇದ್ದ ಮಕ್ಕಳ ದರ್ಜೆ ಇಳಿಯುವ ಸಾಧ್ಯತೆ ಹೆಚ್ಚಿತ್ತು. ಮಂಪರಿನ ಮಾತ್ರೆ ತೆಗೆದುಕೊಂಡವರಲ್ಲಿ ಅದು ಇನ್ನೂ ಹೆಚ್ಚು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅವನನ್ನು ಈಗಲೇ ವೈದ್ಯರಿಗೆ ತೋರಿಸಿ, ಪರೀಕ್ಷೆಯ ವೇಳಾಪಟ್ಟಿಯನ್ನೂ ತೋರಿಸಿ. ಮೊದಲ ಪರೀಕ್ಷೆಯ ತಾರೀಖಿನಿಂದ ಅಥವಾ ಅವನಿಗೆ ಸೀನು ಆರಂಭವಾಗುವ ವಾರದಿಂದ, ಯಾವುದು ಮೊದಲೋ ಅದರಿಂದ, ಎರಡು ವಾರ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸ್ಪ್ರೇ ಅಂದಿನಿಂದ ಶುರುವಾಗಲಿ. ಕಣ್ಣಿಗೆ ಹನಿ ಬೇಕಾದರೆ ಅದನ್ನೂ ಮೊದಲೇ ಬರೆಸಿಕೊಳ್ಳಿ. ಯಾವ ಮಾತ್ರೆಯೇ ಆಗಲಿ, ಅವನು ಅದನ್ನು ಮೊದಲ ಬಾರಿಗೆ ನುಂಗುವುದು ರಜೆಯ ದಿನ ಆಗಿರಲಿ, ಪರೀಕ್ಷೆಯ ಬೆಳಗ್ಗೆ ಬೇಡ.